ಅಣ್ಣನ ಪಾಲಿನ ಕಿತ್ತಳೆ

ಕಣ್ಣು ಬಿಡುವ ಮೊದಲೇ ಕಿತ್ತಳೆಯ ವಾಸನೆ ಬಂತು. ಅದರ ಬೆನ್ನಿಗೇ ತಾನು ಸುಳ್ಳುಗಾರನೆಂಬ ನೆನಪೂ ಬಂತು. ಪ್ರಾರ್ಥನಾ ಮಂದಿರದ ಜಗಲಿಯ ಕಲ್ಲು ಬೆನ್ನಿಗೆ ತಣ್ಣಗೆ ಒತ್ತುತ್ತಿತ್ತು. ತಲೆಗಿಟ್ಟುಕೊಂಡಿದ್ದ ಚೀಲದೊಳಗಿನ ಹಣ್ಣುಗಳು ಅತ್ತಿತ್ತ ಹೊರಳಾಡಿ, ಒಂದು ಮಾತ್ರ ಅವನ ಕಿವಿಯ ಹಿಂದಿನ ಗುಳಿಯಲ್ಲಿ ಬಂದು ಕೂತಿತ್ತು, ಚಾಡಿ ಹೇಳಲು ಹೊಂಚುವ ನೆಂಟನ ಹಾಗೆ. ಚೀಲದಲ್ಲಿರುವ ಒಂದು ಹಣ್ಣೂ ಅವನದಲ್ಲ. ದಾರಿಯುದ್ದಕ್ಕೂ ಗುರುತು ಪರಿಚಯವಿಲ್ಲದ ಜನ ಅವನ ಸೈಕಲ್ ನಿಲ್ಲಿಸಿ, "ನಿಮ್ಮಣ್ಣನಿಗೆ ಕೊಡಿ" ಎಂದು ಕೈಗಿಟ್ಟ ಹಣ್ಣುಗಳು ಅವು. ರೋಗಿಗೆ ಕಿತ್ತಳೆ ಒಳ್ಳೆಯದು ಎಂಬ ಒಂದು ವಿಷಯದಲ್ಲಾದರೂ ಲೋಕ ಒಮ್ಮತದಿಂದಿದೆ ಎಂಬುದು ಈ ಪ್ರಯಾಣದಲ್ಲಿ ಅವನು ಕಲಿತ ದೊಡ್ಡ ಪಾಠ. ಅವನ ಅಣ್ಣನಿಗೆ ಯಾವ ರೋಗವೂ ಇಲ್ಲ ಎಂಬ ಇನ್ನೊಂದು ಸಂಗತಿ ಮಾತ್ರ ಈ ರಸ್ತೆಯ ಮೇಲೆ ಅವನೊಬ್ಬನಿಗೇ ಗೊತ್ತಿತ್ತು.

ಅವನು ಹೊರಟದ್ದು ಸಮುದ್ರದ ದಡದ ದೀಪಸ್ತಂಭಕ್ಕೆ. ಅದನ್ನು ನೋಡಲೇನೂ ಅಲ್ಲ. ಚಿತ್ರದಲ್ಲಿ ನೋಡಿದ್ದ, ಸುಣ್ಣ ಬಳಿದ ಹೊಗೆಕೊಳವೆಯಂತಿತ್ತು. ಒಬ್ಬನೇ, ಯಾರ ಹಂಗೂ ಇಲ್ಲದೆ, ಸ್ವಂತ ಕಾಲಿನಿಂದ ತುಳಿದುಕೊಂಡು ಹೋಗಿ ಅದರ ಗೋಡೆಗೆ ಅಂಗೈ ಊರಿ ಬರಬೇಕು, ಅಷ್ಟೇ. ಕನ್ನಡಕದ ಅಂಗಡಿಯ ಹಿಂಬದಿಯ ಕೋಣೆಯಲ್ಲಿ, ಒದ್ದೆ ಕಲ್ಲಿನ ಚಕ್ರಕ್ಕೆ ಗಾಜು ಹಿಡಿದು ಅಂಚು ಅರೆಯುತ್ತ ಆಯುಷ್ಯದ ಮುಕ್ಕಾಲು ಪಾಲನ್ನು ಕಳೆದವನಿಗೆ ಇಂಥದೊಂದು ಆಸೆ ಯಾಕೆ ಹುಟ್ಟಬೇಕು ಎಂದು ಅಂಗಡಿಯ ಮಾಲೀಕ ಕೇಳಲಿಲ್ಲ. "ಅಲ್ಲಿಗೆ ಬಸ್ಸಿಲ್ವೇನ್ರೀ?" ಎಂದಷ್ಟೇ ಕೇಳಿದ. ಹೆಂಡತಿ ತಡೆಯುತ್ತಾಳೆಂದು ಅವನು ಒಂದು ವಾರ ಮನಸ್ಸಿನಲ್ಲೇ ವಾದ ಜೋಡಿಸಿಕೊಂಡಿದ್ದ. ಅವಳು ಕೇಳಿಸಿಕೊಂಡು, "ಹೋಗಿ ಬನ್ನಿ. ಮಂಡಿಗೆ ಎಣ್ಣೆ ಹಚ್ಕೊಳ್ಳಿ" ಎಂದು ಒಳಗೆ ಹೋದಳು. ಒಂದೇ ಒಂದು ಕಣ್ಣೀರಿಲ್ಲ, ಕೊನೆಗೆ ಒಂದು ಬೈಗುಳವೂ ಇಲ್ಲ. ಮಹಾಯಾತ್ರೆಗೆ ಹೊರಟವನನ್ನು ಸಂತೆಗೆ ಕಳಿಸಿದ ಹಾಗೆ ಕಳಿಸಿಕೊಟ್ಟಳಲ್ಲ ಎಂದು ಮೊದಲ ದಿಣ್ಣೆ ಏರುವವರೆಗೂ ಅವನು ಮುಖ ಊದಿಸಿಕೊಂಡೇ ತುಳಿದಿದ್ದ. ದಿಣ್ಣೆಯ ಮೇಲೆ ಉಸಿರು ಕಟ್ಟಿದಾಗ ಆ ಸಿಟ್ಟೂ ಬಿಟ್ಟುಹೋಯಿತು. ಸಿಟ್ಟಿಗೂ ಶ್ವಾಸಕೋಶ ಬೇಕು.

ಸುಳ್ಳು ಹುಟ್ಟಿದ್ದು ಮೊನ್ನೆ, ಒಂದು ಟೀ ಅಂಗಡಿಯ ಮುಂದೆ. ಅಂಗಡಿಯಾಕೆ ಅವನ ನರೆತ ತಲೆ, ಬೆವರಿಗೆ ಅಂಟಿದ ಅಂಗಿ, ಕ್ಯಾರಿಯರ್ ಮೇಲೆ ಹಗ್ಗ ಬಿಗಿದ ಗಂಟು ಎಲ್ಲವನ್ನೂ ಮೇಲಿಂದ ಕೆಳಗೆ ನೋಡಿ, "ಎಲ್ಲಿಗೆ ಸವಾರಿ?" ಎಂದಳು. "ದೀಪಸ್ತಂಭಕ್ಕೆ." "ಅಲ್ಲೇನು ಕೆಲಸ?" "ಏನಿಲ್ಲ. ಸುಮ್ನೆ." "ಸುಮ್ನೆ?" ಬೆಂಚಿನ ಮೇಲೆ ಕೂತಿದ್ದವರೆಲ್ಲ ಲೋಟ ಕೆಳಗಿಟ್ಟು ತಿರುಗಿದರು. ಆಕೆ ದನಿ ತಗ್ಗಿಸಿ, ದಾರಿ ತಪ್ಪಿದ ಮಗುವನ್ನು ಮಾತಾಡಿಸುವ ಹಾಗೆ, "ಮನೇಲಿ ಗೊತ್ತಾ?" ಎಂದಳು. ಆ ಒಂದು ಪ್ರಶ್ನೆ ಇಲ್ಲದಿದ್ದರೆ ಅವನು ಇಂದು ಪ್ರಾಮಾಣಿಕನಾಗಿಯೇ ಉಳಿದಿರುತ್ತಿದ್ದ. ಕಿವಿ ಬಿಸಿಯಾಯಿತು. ನಾಲಿಗೆ ಅವನನ್ನು ಕೇಳದೆಯೇ ಹೊರಟಿತು: "ದಾರೀಲಿ ಅಣ್ಣನ ಊರಿದೆ. ಅಣ್ಣನಿಗೆ ಹುಷಾರಿಲ್ಲ." ಅಷ್ಟು ಸಾಕಾಯಿತು. ಬೆಂಚಿನವರು ಸರಿದು ಜಾಗ ಬಿಟ್ಟರು. "ಅಯ್ಯೋ, ಎದೆನಾ?" ಎಂದು ಆಕೆ ತನ್ನ ಎದೆಯ ಮೇಲೆಯೇ ಕೈ ಇಟ್ಟುಕೊಂಡಳು. ಇಷ್ಟು ಮುತುವರ್ಜಿಯಿಂದ ಕೇಳುವಾಗ ಇಲ್ಲ ಎನ್ನುವುದು ಒರಟುತನವಾಗುತ್ತದೆಂದು ಅವನು ತಲೆಯಾಡಿಸಿದ. "ಮತ್ತೆ ಬಸ್ಸು ಬಿಟ್ಟು ಸೈಕಲ್ಲಲ್ಲಿ ಯಾಕೆ..." ಎಂದು ತೊಡಗಿದವಳು ತಾನೇ ಉತ್ತರ ಹುಡುಕಿಕೊಂಡಳು: "ಓ! ಹರಕೆ!" ಅವನು ತಲೆ ತಗ್ಗಿಸಿದ. ಗಾಜು ಕೈಜಾರಿ ಒಡೆದಾಗ ಮಾಲೀಕನ ಮುಂದೆಯೂ ಅವನು ಹೀಗೆಯೇ ತಲೆ ತಗ್ಗಿಸುತ್ತಾನೆ; ಆದರೆ ಅಪರಿಚಿತರ ಮುಂದೆ ಅದೇ ಭಂಗಿ ಭಕ್ತಿಯ ಹಾಗೆ ಕಾಣುತ್ತದೆ. ಬೆಂಚಿನ ತುದಿಯಲ್ಲಿದ್ದ ದಪ್ಪ ಮೀಸೆಯ ಲಾರಿ ಡ್ರೈವರ್ ಟವೆಲ್ಲಿನಿಂದ ಕಣ್ಣೊರೆಸಿಕೊಂಡ. "ನಮ್ಮಣ್ಣ ಹೋಗುವಾಗ ನಾನು ರಸ್ತೇಲಿದ್ದೆ ಸಾರ್. ನೀವು ಪುಣ್ಯವಂತರು, ಹೊರಟಿದ್ದೀರಿ" ಎಂದು ಕೈ ಮುಗಿದು ಲಾರಿ ಹತ್ತಿದ. ಕಾರ್ಖಾನೆಯಿಂದ ಕುರ್ಚಿ ತುಂಬಿಕೊಂಡು ಊರೂರಿಗೆ ಇಳಿಸುವ ಲಾರಿ ಅದು. ಕುರ್ಚಿಯ ಜೊತೆ ಅವನು ಸುದ್ದಿಯನ್ನೂ ಇಳಿಸುತ್ತ ಹೋಗುತ್ತಾನೆಂದು ಯಾರಿಗೆ ಗೊತ್ತಿತ್ತು?

ಮುಂದಿನ ಊರಿನಲ್ಲಿ ಪಂಕ್ಚರ್ ಹಾಕುವವನು ಅವನನ್ನು ಕಂಡ ಕೂಡಲೇ ಎದ್ದು ನಿಂತು, "ನೀವೇ ಅಲ್ವಾ, ಅಣ್ಣನ ಹರಕೆಯವರು?" ಎಂದು ಬೇಡವೆಂದರೂ ಎರಡೂ ಚಕ್ರಕ್ಕೆ ಗಾಳಿ ತುಂಬಿದ. ಅದರಾಚೆಯ ಊರಿನ ಹೆಂಗಸೊಬ್ಬಳು ಬಾಗಿಲಲ್ಲೇ ಕಾದಿದ್ದು ಬಿಸಿ ಹಾಲು ಕೊಟ್ಟಳು. ಅಲ್ಲಿಗಾಗಲೇ ಅಣ್ಣನ ಕಾಯಿಲೆ ಉಲ್ಬಣಿಸಿತ್ತು. "ಆಪರೇಷನ್ ಅಂತೆ?" ಎಂದು ಅವಳು ಕೇಳಿದಾಗ ಅವನೇ ಬೆಚ್ಚಿದ. ಅಣ್ಣನ ಆರೋಗ್ಯ ಹದಗೆಡುತ್ತಿರುವ ಸುದ್ದಿಯನ್ನು ಅವನು ಹೀಗೆ ಹೊಸ ಹೊಸ ಬಾಯಿಗಳಿಂದ ಕೇಳುತ್ತ, ಹೌದೇನೋ ಎಂಬಂತೆ ಮುಖ ಬಾಡಿಸಿಕೊಳ್ಳುತ್ತ ಬಂದಿದ್ದ. ಯಾರ ಹಂಗೂ ಇಲ್ಲದೆ ಹೊರಟವನ ಹೊಟ್ಟೆಯಲ್ಲಿ ಈಗ ಇದ್ದದ್ದೆಲ್ಲ ಯಾರದೋ ಹಾಲು, ಚಕ್ರದಲ್ಲಿದ್ದದ್ದು ಯಾರದೋ ಗಾಳಿ.

ಜಗಲಿಯ ಆ ತುದಿಯಿಂದ ಪೊರಕೆಯ ಸದ್ದು ಹತ್ತಿರವಾಯಿತು. ಮಂದಿರವನ್ನು ನೋಡಿಕೊಳ್ಳುವ ಮುದುಕ ಕಸವನ್ನು ಅವನ ಹಾಸಿಗೆಯ ಅಂಚಿನವರೆಗೆ ತಂದು, ಅವನನ್ನು ಬಳಸಿಕೊಂಡು, ಆಚೆಯಿಂದ ಮತ್ತೆ ಗುಡಿಸತೊಡಗಿದ. ನಿನ್ನೆ ಸಂಜೆ ಈ ಮುದುಕ ಒಂದು ಹಣತೆ ತಂದು, "ಹೆಸರು ಹೇಳಿ, ನಿಮ್ಮಣ್ಣನಿಗಾಗಿ ಹಚ್ತೀನಿ" ಎಂದಿದ್ದ. ಅಲ್ಲಿಯವರೆಗೆ ಸರಾಗವಾಗಿ ಬಂದ ನಾಲಿಗೆ ಅಲ್ಲಿ ಕಚ್ಚಿಕೊಂಡಿತ್ತು. ಟೀ ಅಂಗಡಿಯಲ್ಲಿ ಹೇಳಿದ್ದು ಒಂದು. ದೇವರೆದುರಿಗೆ ಅಣ್ಣನ ಹೆಸರು ಹಿಡಿದು, ಇಂಥವನಿಗೆ ಹುಷಾರಿಲ್ಲ ಎಂದು ಹೇಳುವುದು ಇನ್ನೊಂದು. ಮುದುಕ ಹಣತೆಗೆ ಎಣ್ಣೆ ಎರೆದು, "ದುಃಖ ಆಗ್ತಿದ್ರೆ ಬೇಡ ಬಿಡಿ. ಮೇಲಿನವನಿಗೆ ವಿಳಾಸ ಯಾಕೆ? 'ಇವನ ಅಣ್ಣ' ಅಂದ್ರೆ ಗೊತ್ತಾಗುತ್ತೆ" ಎಂದು ದೀಪ ಹಚ್ಚಿಯೇ ಬಿಟ್ಟ. ಇವನ ಅಣ್ಣ. ಚಿಕ್ಕಂದಿನಲ್ಲಿ ಇಡೀ ಬೀದಿ ತಿರುಗಿಸಿ ಹೇಳುತ್ತಿತ್ತು: ಅವನ ತಮ್ಮ. ಅವನ ಬಾಲ. "ಬಾಲ ಬಂತು ನೋಡ್ರೋ, ಅಂದ್ಮೇಲೆ ಪ್ರಾಣಿಯೂ ಇಲ್ಲೇ ಎಲ್ಲೋ ಇದೆ" ಎಂದು ಅಣ್ಣನ ಗೆಳೆಯರು ನಗುತ್ತಿದ್ದರು. ಬಾಲ ಮುಂದೆ ಬಂದು, ಪ್ರಾಣಿಯನ್ನೇ ಬಾಲದಿಂದ ಗುರುತಿಸಿದ್ದು ನಿನ್ನೆ ಸಂಜೆಯೇ ಮೊದಲು. ಅದೂ ಸುಳ್ಳಿನ ದೀಪದ ಬೆಳಕಿನಲ್ಲಿ.

ಹಾಸಿಗೆ ಸುತ್ತುತ್ತ ಅವನು, ಯಾರದೋ ವಿಷಯವೆಂಬಂತೆ, ಕೇಳಿದ: "ಅಲ್ಲ, ಹುಷಾರಾಗಿರೋರಿಗೆ ಪ್ರಾರ್ಥನೆ ಮಾಡಿದ್ರೆ ಅದು ಎಲ್ಲಿಗೆ ಹೋಗುತ್ತೆ?"

ಮುದುಕ ಪೊರಕೆಯ ಹಿಡಿಯನ್ನು ನೆಲಕ್ಕೆ ಕುಟ್ಟಿ ಸರಿಮಾಡಿಕೊಂಡ. "ಪೂರ್ತಿ ಹುಷಾರಾಗಿರೋರನ್ನ ನಾನಂತೂ ಕಂಡಿಲ್ಲ ಸ್ವಾಮಿ. ನೀವು ಕಂಡಿದ್ರೆ ಹೇಳಿ, ಅವರನ್ನ ಬಿಟ್ಟು ಮಿಕ್ಕೋರಿಗೆ ಮಾಡ್ತೀನಿ." ಆಮೇಲೆ ಅಂಗಿಯ ಜೇಬಿನಿಂದ ಒಂದು ಕಿತ್ತಳೆ ತೆಗೆದು ನೀಡಿದ. "ನಿಮ್ಮಣ್ಣನಿಗೆ."

ರಸ್ತೆ ಬೆಳಗಿನ ಬಿಸಿಲಿಗೆ ಚಾಚಿಕೊಂಡು ಮಲಗಿತ್ತು. ತನ್ನ ನೆರಳು ಉದ್ದವಾಗಿ ಮುಂದೆ ಓಡುವುದನ್ನು ಅವನು ನೋಡುತ್ತ ತುಳಿದ. ನೆರಳಿಗೆ ಒಂದೇ ತಲೆ. ಸೈಕಲ್ ಕಲಿಯುವಾಗ ಎರಡು ತಲೆಗಳಿರುತ್ತಿದ್ದವು. "ಬಿಡು ಅಣ್ಣ, ಬಿಡು" ಎಂದು ಅವನು ಕೂಗುವುದು, "ಬಿಟ್ಟಿದ್ದೀನೋ, ತುಳಿ" ಎಂದು ಹಿಂದಿನಿಂದ ಏದುಸಿರಿನ ದನಿ ಬರುವುದು, ನೆಲ ನೋಡಿದರೆ ನೆರಳಿನಲ್ಲಿ ಎರಡನೆಯ ತಲೆ, ಸೀಟಿನ ಹಿಂಭಾಗಕ್ಕೆ ಅಂಟಿದ ಉದ್ದನೆಯ ತೋಳು. ಬೇರೆ ಮಕ್ಕಳ ದೂರೆಲ್ಲ ಹಿಡಿದವರು ಬಿಟ್ಟುಬಿಟ್ಟರು, ಬಿದ್ದೆವು ಎಂಬುದು. ಅವನ ದೂರು ಬಿಡಲೇ ಇಲ್ಲ ಎಂಬುದು. ಶಾಲೆಗೆ ಸೇರಿಸುವಾಗಲೂ ಅಣ್ಣನ ಕೈ, ಕನ್ನಡಕದ ಅಂಗಡಿಗೂ ಅಣ್ಣನದೇ ಮಾತು, ಹೆಣ್ಣು ನೋಡಲು ಹೋದಾಗ ಹುಡುಗಿಯನ್ನು ಪ್ರಶ್ನೆ ಕೇಳಿದವನೂ ಅಣ್ಣನೇ. ಬಿಟ್ಟಿದ್ದರೆ ಬೀಳುತ್ತಿದ್ದನೋ ಹೋಗುತ್ತಿದ್ದನೋ ತಿಳಿಯದೆಯೇ ಅವನಿಗೆ ವಯಸ್ಸಾಯಿತು. ಹೋದ ವರ್ಷ ಅಣ್ಣನ ಮನೆಯ ಊಟದಲ್ಲಿ ಹತ್ತು ಜನರೆದುರು ಅಣ್ಣ ಅನ್ನದ ಕೈಯನ್ನು ಗಾಳಿಯಲ್ಲಿ ಎತ್ತಿ, "ಇವನ ಸೈಕಲ್ ಸೀಟು ಇನ್ನೂ ನನ್ನ ಕೈಯಲ್ಲೇ ಇದೆ ಕಣ್ರಪ್ಪಾ. ಬಿಟ್ರೆ ಇವತ್ತೇ ಬೀಳ್ತಾನೆ" ಎಂದ. ಎಲ್ಲರೂ ನಕ್ಕರು. ಅವನ ಹೆಂಡತಿ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಅವನೂ ನಕ್ಕ; ಅದೇ ಅವನಿಗೆ ಈಗಲೂ ಗಂಟಲಲ್ಲಿ ಸಿಕ್ಕಿಕೊಂಡಿರುವುದು. ಅಂದಿನಿಂದ ಆ ಹೊಸಲು ತುಳಿದಿಲ್ಲ, ಫೋನೂ ಮಾಡಿಲ್ಲ. ದೀಪಸ್ತಂಭದ ದಾರಿ ಅಣ್ಣನ ಊರಿನ ಹೊರವಲಯ ಸುತ್ತಿಕೊಂಡು ಹೋಗುತ್ತದೆ ಎಂದು ತಿಳಿದಾಗ ಅವನೊಂದು ಯೋಜನೆ ಹಾಕಿಕೊಂಡಿದ್ದ: ತಿರುವಿನಲ್ಲಿ ನಿಲ್ಲದೆ, ಒಳಗೆ ಹೋಗದೆ, ಒಮ್ಮೆ ಜೋರಾಗಿ ಬೆಲ್ಲು ಬಾರಿಸಿ ಮುಂದೆ ಸಾಗುವುದು. ಅಣ್ಣನ ಮನೆಗೆ ಆ ಬೆಲ್ಲು ಕೇಳಿಸುವುದಿಲ್ಲ ಎಂದು ಗೊತ್ತಿತ್ತು. ಕೇಳಿಸದ ಹಾಗೆ ಸೇಡು ತೀರಿಸಿಕೊಳ್ಳುವುದರಲ್ಲಿ ಅವನು ಮೊದಲಿನಿಂದಲೂ ನಿಸ್ಸೀಮ.

ಬಿಸಿಲು ಏರಿತು. ನೀರಿನ ಬಾಟಲಿ ಮಂದಿರದ ನಲ್ಲಿಯ ಬಳಿಯೇ ಉಳಿದಿದೆ ಎಂಬುದು ಗೊತ್ತಾಗುವಾಗ ಮುಂದೆ ದೊಡ್ಡ ಏರು, ಹಿಂದೆ ಮನೆ ಮಠ ಒಂದೂ ಇಲ್ಲ. ಇಳಿದು ತಳ್ಳತೊಡಗಿದ. ನಾಲಿಗೆ ಮರದ ಚಕ್ಕೆಯಾಯಿತು. ಕ್ಯಾರಿಯರ್ ಮೇಲೆ ಚೀಲ ತುಂಬ ರಸ ತುಂಬಿದ ಹಣ್ಣುಗಳು. ಒಂದನ್ನು ತೆಗೆದು ಮೂಸಿದ, ಒಳಗಿಟ್ಟ. ಅಣ್ಣನಿಗೆ ರೋಗವೇ ಇಲ್ಲವೆಂದ ಮೇಲೆ ರೋಗಿಯ ಹಣ್ಣು ಯಾರದು? ಯಾರದೂ ಅಲ್ಲ, ಆದ್ದರಿಂದ ತಿನ್ನಬಹುದು. ಆದರೆ ಕೊಟ್ಟವರು ರೋಗಿಗೆಂದು ಕೊಟ್ಟದ್ದು. ತಾನು ತಿಂದರೆ, ತಿಂದವನು ರೋಗಿ ಎಂದಾಗುತ್ತದೆ. ಈ ನ್ಯಾಯವನ್ನು ಬಿಡಿಸುವಷ್ಟರಲ್ಲಿ ಕೈಗಳು ತಾವೇ ಒಂದನ್ನು ಸುಲಿದು ಬಾಯಿಗೆ ಹಾಕಿಬಿಟ್ಟಿದ್ದವು. ಅವನು ರಸ್ತೆಯ ಎರಡೂ ಕಡೆ ನೋಡಿದ. ದೂರದಲ್ಲೊಂದು ಕತ್ತೆ ಅವನನ್ನೇ ನೋಡುತ್ತಿತ್ತು. ಅವನು ಸಿಪ್ಪೆಯನ್ನು ಮಣ್ಣಿನಲ್ಲಿ ಹೂತ. ಕೊಲೆ ಮಾಡಿದವನೂ ಇಷ್ಟು ನಾಜೂಕಾಗಿ ಹೂಳುತ್ತಿರಲಿಲ್ಲವೇನೋ.

ಹೂತು ಕೈ ಜಾಡಿಸುವಾಗ ಅಮ್ಮನ ಮಾತು ಬಂತು. ಬಿಸಿಲಿನೊಳಗಿಂದ, ಪಕ್ಕದಲ್ಲೇ ನಿಂತು ಹೇಳಿದಷ್ಟು ಸ್ಪಷ್ಟವಾಗಿ. "ಬಿಡ್ತು ಅನ್ನು!" ಅವನು ಶಾಲೆ ತಪ್ಪಿಸಲು ಹೊಟ್ಟೆನೋವು ಎಂದಾಗ, ಗೆಳೆಯನಿಗೆ ಕಾಲು ಮುರಿದಿದೆ ಎಂದು ಕಥೆ ಕಟ್ಟಿದಾಗ, ಅಮ್ಮ ಕೆಲಸ ಬಿಟ್ಟು ಓಡಿಬಂದು ಅವನ ಬಾಯಿ ಮುಚ್ಚುತ್ತಿದ್ದಳು. "ಅಸ್ತು ದೇವತೆಗಳು ಓಡಾಡ್ತಿರ್ತಾರೆ ಕಣೋ. ನೀನು ಅಂದ ಹೊತ್ತಿಗೆ ಸರಿಯಾಗಿ ಅವರು ಅಸ್ತು ಅಂದ್ಬಿಟ್ರೆ? ಬಿಡ್ತು ಅನ್ನು, ಬೇಗ." ಮೊನ್ನೆಯಿಂದ ಅವನು ಎಷ್ಟು ಬಾಯಿಗಳೆದುರು ಅಣ್ಣನಿಗೆ ಹುಷಾರಿಲ್ಲ ಎಂದಿದ್ದಾನೆ, ಎಷ್ಟು ಬಾಯಿಗಳು ಅದನ್ನು ಮುಂದೆ ದಾಟಿಸಿವೆ! ಇಡೀ ರಸ್ತೆಯೇ ಅಣ್ಣನ ಎದೆಯ ಮೇಲೆ ಕೈಯಿಟ್ಟು ಅಯ್ಯೋ ಎಂದಿದೆ. ಒಮ್ಮೆಯೂ ಅವನು ಬಿಡ್ತು ಎಂದಿಲ್ಲ. ದೇವತೆಗಳು ಬೇರೆಲ್ಲ ಕಡೆ ಗೈರುಹಾಜರಾಗಿದ್ದರೂ ಆ ಟೀ ಅಂಗಡಿಯ ಬೆಂಚಿನ ತುದಿಯಲ್ಲಿ ಒಬ್ಬ ಕೂತಿದ್ದಿರಬಹುದು. "ಬಿಡ್ತು" ಎಂದ. ಗಂಟಲು ಒಣಗಿದ್ದರಿಂದ ಅದು ಕೆಮ್ಮಿನಂತೆ ಬಂತು. ಮತ್ತೆ ಜೋರಾಗಿ, "ಬಿಡ್ತು! ಬಿಡ್ತು!" ಎಂದ. ಕತ್ತೆ ಕಿವಿ ನಿಮಿರಿಸಿತು.

ಫೋನು ತೆಗೆದ. ಅಣ್ಣನ ಹೆಸರಿನ ಮೇಲೆ ಬೆರಳಿಟ್ಟು, ಏನೆನ್ನುವುದೆಂದು ಯೋಚಿಸಿದ. ಒಂದು ವರ್ಷ ಮಾತಾಡದೆ ಇದ್ದು, ಈಗ "ನೀನು ಬದುಕಿದ್ದೀಯಾ?" ಎಂದು ಕೇಳುವುದೇ? ಒತ್ತಿದ. ಗಂಟೆ ಬಾರಿಸಿತು, ಬಾರಿಸಿ ಬಾರಿಸಿ ನಿಂತಿತು. ಇನ್ನೊಮ್ಮೆ ಒತ್ತಿದ. ಅಣ್ಣ ಫೋನು ಎತ್ತದಿರುವ ಮನುಷ್ಯನಲ್ಲ. ಸ್ನಾನದಲ್ಲಿದ್ದರೂ ಸೋಪಿನ ಕೈಯಲ್ಲೇ ಎತ್ತಿ ಉಪದೇಶ ಮಾಡುವವನು. ಅತ್ತಿಗೆಯ ನಂಬರಿಗೆ ಮಾಡಿದ. ಅಲ್ಲಿಯೂ ಗಂಟೆ, ಗಂಟೆ. ಆಸ್ಪತ್ರೆಯ ಓಣಿಯೊಂದು ಕಣ್ಣಿಗೆ ಕಟ್ಟಿತು. ಬೆಂಚು, ಅದರ ಮೇಲೆ ಅತ್ತಿಗೆ, ಅವಳ ಮಡಿಲಲ್ಲಿ ಬಡಿದುಕೊಳ್ಳುತ್ತಿರುವ ಎರಡು ಫೋನುಗಳು. ಅವನು ಸೈಕಲ್ ಏರಿ ಏರುದಾರಿಯಲ್ಲಿ ನಿಂತೇ ತುಳಿದ. ಮಂಡಿಗಳು ಕರಕರ ಎಂದವು. ನೂರು ಮಾರು ಹೋಗುವಷ್ಟರಲ್ಲಿ ಎದೆ ಬಾಯಿಗೆ ಬಂದು, ಹ್ಯಾಂಡಲ್ ಮೇಲೆ ಹಣೆಯಿಟ್ಟು ನಿಂತ. ಹಿಂದಿನಿಂದ ಲಾರಿಯ ಹಾರ್ನು ಕೇಳಿದಾಗ ಅವನು ಯೋಚಿಸಲಿಲ್ಲ. ಎರಡೂ ಕೈ ಎತ್ತಿ ರಸ್ತೆಯ ನಡುವೆ ನಿಂತುಬಿಟ್ಟ. ಯಾರ ಹಂಗೂ ಬೇಡವೆಂದು ಹೊರಟವನ ಎರಡೂ ಕೈ.

ಅದೇ ಕುರ್ಚಿಯ ಲಾರಿ, ಹೊಸ ಲೋಡು ತುಂಬಿಕೊಂಡು ಮತ್ತೆ ಬರುತ್ತಿತ್ತು; ಕಿಟಕಿಯಿಂದ ಮೀಸೆ ಹೊರಚಾಚಿತು. "ಏನ್ ಸಾರ್! ಏನಾಯ್ತು?"

"ಅಣ್ಣ ಫೋನ್ ಎತ್ತುತ್ತಿಲ್ಲ. ಹತ್ತಿಸಿಕೊಳ್ಳಿ, ದಯವಿಟ್ಟು, ಬೇಗ." ಟೀ ಅಂಗಡಿ ಬಿಟ್ಟಾಗಿನಿಂದ ಅಣ್ಣನ ಬಗ್ಗೆ ಅವನ ಬಾಯಿಂದ ಬಂದ ಮೊದಲ ನಿಜವಾದ ಮಾತು ಅದು.

ಡ್ರೈವರ್ ಬಾಗಿಲು ತೆಗೆದವನು ತಡೆದ. "ಹತ್ತಿಸ್ಕೋಬಹುದು ಸಾರ್. ಆದ್ರೆ ಹರಕೆ? ಸೈಕಲ್ಲಲ್ಲೇ ಬರ್ತೀನಿ ಅಂತ ಹೇಳ್ಕೊಂಡಿದ್ದೀರಿ. ಇಷ್ಟು ದೂರ ತುಳಿದು, ಕೊನೇಲಿ ಕೆಟ್ರೆ, ಇಂಥ ಹೊತ್ತಲ್ಲಿ..." ಅವನು ನಿಜವಾಗಿಯೂ ಹೆದರಿದ್ದ. ಮೀಸೆಯನ್ನು ಎರಡು ಸಲ ಎಳೆದು, ಹಿಂದಿನ ಲೋಡನ್ನು ನೋಡಿ, ಮುಖ ಅರಳಿಸಿದ. "ಒಂದು ಕೆಲಸ ಮಾಡೋಣ. ಸೈಕಲ್ಲನ್ನ ಲಾರಿ ಮೇಲೆ ನಿಲ್ಲಿಸಿ ಕಟ್ತೀನಿ. ನೀವು ಸೈಕಲ್ ಮೇಲೆ ಕೂತ್ಕೊಳ್ಳಿ. ಮೇಲಿಂದ ನೋಡೋನಿಗೆ ಕಾಣೋದು ನೀವು ಸೈಕಲ್ ಮೇಲಿರೋದು. ಕೆಳಗೆ ಲಾರಿ ಇದೆಯೋ ರಸ್ತೆ ಇದೆಯೋ, ಅವನ್ಯಾಕೆ ಬಗ್ಗಿ ನೋಡ್ತಾನೆ?"

ಹಾಗೆ, ಲಾರಿ ತುಂಬ ಕುರ್ಚಿಗಳಿದ್ದರೂ ಅವನು ಸೈಕಲ್ಲಿನ ಮೇಲೆ ಕೂತು ಹೊರಟ. ಒಂದರೊಳಗೊಂದು ಸೇರಿಸಿದ ಪ್ಲಾಸ್ಟಿಕ್ ಕುರ್ಚಿಗಳ ಕಂಬಗಳ ನಡುವೆ ಹಗ್ಗ ಬಿಗಿದು ನಿಲ್ಲಿಸಿದ ಸೈಕಲ್ಲು. ಅದರ ಮೇಲೆ, ಹ್ಯಾಂಡಲ್ ಹಿಡಿದು, ಮುಂದೆ ನೋಡುತ್ತ, ಅವನು. ಮೊದಮೊದಲು ಕಾಲನ್ನು ಸುಮ್ಮನೆ ಇಟ್ಟಿದ್ದ. ಆಮೇಲೆ, ಯಾಕೋ, ಹಿಂದಕ್ಕೆ ತುಳಿಯತೊಡಗಿದ. ಚೈನು ಚಟಚಟ ಎನ್ನುತ್ತ ಬರಿದೇ ಸುತ್ತಿತು. ಗಿಡಮರಗಳು ಹಿಂದಕ್ಕೋಡಿದವು. ಇಷ್ಟು ವೇಗವಾಗಿ ಅವನು ಯಾವತ್ತೂ ಸೈಕಲ್ ತುಳಿದಿರಲಿಲ್ಲ. ರಸ್ತೆ ಬದಿಯಲ್ಲಿ ಬಟ್ಟೆ ಒಗೆಯುತ್ತಿದ್ದವರು ಎದ್ದು ನಿಂತು ನೋಡಿದರು. ಬಸ್ಸೊಂದರ ಕಿಟಕಿಗಳಲ್ಲೆಲ್ಲ ತಲೆಗಳು ತುಂಬಿಕೊಂಡವು. ತಾನೆಂಬುವವನು ಹೊರಗಿನಿಂದ ಹೇಗೆ ಕಾಣುತ್ತಾನೆಂದು ಜೀವಮಾನವಿಡೀ ಅಂಜಿದವನನ್ನು ದೇವರು ಕೊನೆಗೆ ಎತ್ತರದ ಮೇಲೆ ಕೂರಿಸಿ, ಮೆರವಣಿಗೆ ಮಾಡಿಸಿ, ತೋರಿಸುತ್ತಿದ್ದ. ಆಶ್ಚರ್ಯವೆಂದರೆ ಅವನಿಗೆ ನಾಚಿಕೆಯಾಗಲಿಲ್ಲ. ನಾಚಿಕೆಗೂ ಪುರುಸೊತ್ತು ಬೇಕು. ಅವನು ಹಿಂದಕ್ಕೆ ತುಳಿಯುತ್ತ, ಇವನ ಅಣ್ಣ, ಇವನ ಅಣ್ಣ, ಎಂದು ಮುದುಕನ ಮಾತನ್ನೇ ಜಪಿಸುತ್ತಿದ್ದ. ಅಣ್ಣ ನನಗೆ ಏನು ಬೇಕಾದರೂ ಅನ್ನಲಿ, ಎಂದು ಮೇಲಿನವನಿಗೆ ಹೇಳಿಕೊಂಡ. ಹತ್ತು ಜನರೆದುರು ನನ್ನ ಸೀಟು ಹಿಡಿದುಕೊಂಡೇ ಇರಲಿ. ಇರಲಿ, ಅಷ್ಟೇ.

ಅಣ್ಣನ ಬೀದಿ ಲಾರಿ ಹೋಗುವಷ್ಟು ಅಗಲವಿರಲಿಲ್ಲ. ತುದಿಯಲ್ಲಿ ಲಾರಿ ನಿಂತಿತು. ಡ್ರೈವರ್ ಹಗ್ಗ ಬಿಚ್ಚುವಷ್ಟರಲ್ಲಿ ಅವನು ಧುಮುಕಿ, ಮರಗಟ್ಟಿದ ಕಾಲುಗಳಲ್ಲಿ ಬಾತುಕೋಳಿಯಂತೆ ಓಡಿದ. ಗೇಟು ತೆರೆದಿತ್ತು. ಗೋಡೆಗೆ ಏಣಿ ಒರಗಿತ್ತು. ಏಣಿಯ ಮೇಲೆ, ಮೊಣಕಾಲವರೆಗೆ ಪ್ಯಾಂಟು ಮಡಚಿ, ತಲೆಯಿಂದ ಕಾಲವರೆಗೆ ಒದ್ದೆಯಾಗಿ, ನೀರಿನ ಟ್ಯಾಂಕಿನ ಪಾಚಿ ಕೆರೆದು ಬಕೆಟ್ಟಿನಿಂದ ಹೊರಗೆ ಎರಚುತ್ತ, ಏನೋ ಹಾಡು ಗುನುಗುತ್ತ ಅಣ್ಣ ನಿಂತಿದ್ದ. ಕೆಳಗೆ ಕಿಟಕಿಯ ಅಂಚಿನಲ್ಲಿ ಎರಡು ಫೋನುಗಳು ಒಣಗಿದ ಜಾಗ ನೋಡಿಕೊಂಡು ಪಕ್ಕಪಕ್ಕ ಮಲಗಿದ್ದವು. ಅವನು ಗಕ್ಕನೆ ನಿಂತ. ಗೋಡೆ ಹಿಡಿದುಕೊಂಡ. ಒಂದು ಕ್ಷಣ ಕೈಮುಗಿಯಬೇಕೆನಿಸಿತು. ಮರುಕ್ಷಣ ಬೀದಿಯಲ್ಲಿ ಸೈಕಲ್ಲಿನ ಚೈನು ಸದ್ದು ಮಾಡಿತು. ಡ್ರೈವರ್ ಒಂದು ಕೈಯಲ್ಲಿ ಸೈಕಲ್, ಇನ್ನೊಂದರಲ್ಲಿ ಕಿತ್ತಳೆ ಚೀಲ ಹಿಡಿದು, ಸಾವಿನ ಮನೆಗೆ ಬರುವವನ ಮುಖ ಹೊತ್ತು ಬರುತ್ತಿದ್ದ.

"ಅಣ್ಣ," ಎಂದ ಅವನು, ಏಣಿಯ ಬುಡಕ್ಕೆ ಬಂದು, ಪಿಸುಮಾತಿನಲ್ಲಿ. "ಇಳಿ. ನಿನಗೆ ಹುಷಾರಿಲ್ಲ."

ಅಣ್ಣ ಕೆಳಗೆ ನೋಡಿದ. ಒಂದು ವರ್ಷದ ನಂತರ ಕಾಣುತ್ತಿರುವ ತಮ್ಮನ ಮುಖವನ್ನು, ಅದರ ಮೇಲಿನ ಧೂಳನ್ನು, ಬೀದಿಯಲ್ಲಿ ಬರುತ್ತಿರುವ ಮೀಸೆಯನ್ನು, ಕಿತ್ತಳೆ ಚೀಲವನ್ನು ನೋಡಿದ. ಯಾಕೆ ಎನ್ನಲಿಲ್ಲ. ಬಕೆಟ್ಟನ್ನು ಟ್ಯಾಂಕಿನ ಅಂಚಿಗೆ ಸಿಕ್ಕಿಸಿ, ಸರಸರ ಇಳಿದು, ಒದ್ದೆ ಹೆಜ್ಜೆ ಮೂಡಿಸುತ್ತ ಒಳಗೆ ಹೋದವನು ಮಂಚದ ಮೇಲೆ ಮಲಗಿ ಕಂಬಳಿಯನ್ನು ಗದ್ದದವರೆಗೆ ಎಳೆದುಕೊಂಡ. ಅಡುಗೆಮನೆಯಿಂದ ಕೈ ಒರೆಸುತ್ತ ಬಂದ ಅತ್ತಿಗೆ, "ಇದೇನಿದು, ಒದ್ದೆ ಬಟ್ಟೇಲಿ ಹಾಸಿಗೆ ಮೇಲೆ! ಏನು ಧಾಡಿ ಬಂದಿದೆ ನಿಮಗೆ?" ಎಂದು ಶುರುಮಾಡಿದಳು. ಅಣ್ಣ ಕೆಮ್ಮಿದ. ಎಂಥ ಕೆಮ್ಮು! ಹೊಟ್ಟೆಯ ತಳದಿಂದ ಹೊರಟು, ಮನೆಯ ಪಾತ್ರೆಗಳನ್ನೆಲ್ಲ ಮುಟ್ಟಿ ಬರುವಂಥದು. ಅತ್ತಿಗೆ ಬಾಗಿಲಲ್ಲಿ ನಿಂತ ಮೈದುನನನ್ನು ನೋಡಿದಳು, ಅವನ ಹಿಂದಿನ ಅಪರಿಚಿತನನ್ನು ನೋಡಿದಳು, ಸೆರಗನ್ನು ಕಣ್ಣಿಗೊತ್ತಿಕೊಂಡಳು. ನಗು ತಡೆಯಲು ಹೆಂಗಸರಿಗೆ ಇರುವ ಆ ಉಪಾಯ ದುಃಖಕ್ಕೂ ಅಷ್ಟೇ ಚೆನ್ನಾಗಿ ಒಪ್ಪುತ್ತದೆ.

ಡ್ರೈವರ್ ಚಪ್ಪಲಿ ಹೊರಗೆ ಬಿಟ್ಟು ಬಂದು ಮಂಚದ ಬದಿಗೆ ನಿಂತ. "ಹೇಗಿದ್ದೀರಿ ಯಜಮಾನ್ರೇ?"

"ಪರವಾಗಿಲ್ಲ," ಎಂದ ಅಣ್ಣ ಕ್ಷೀಣ ದನಿಯಲ್ಲಿ. "ತಮ್ಮ ಬಂದನಲ್ಲ."

ಡ್ರೈವರ್ ಅಣ್ಣನ ಹಣೆ ಮುಟ್ಟಿದ. ಕೂದಲಿನಿಂದ ನೀರು ದಿಂಬಿಗೆ ತೊಟ್ಟಿಕ್ಕುತ್ತಿತ್ತು. ಕಂಬಳಿಯ ತುದಿಯಿಂದ ಹೊರಗುಳಿದ ಹೆಬ್ಬೆರಳಿಗೆ ಹಸಿರು ಪಾಚಿ ಮೆತ್ತಿಕೊಂಡಿತ್ತು. ಡ್ರೈವರ್ ಆ ಹೆಬ್ಬೆರಳನ್ನು ಬಹಳ ಹೊತ್ತು ನೋಡಿದ. ಆಮೇಲೆ ತಮ್ಮನನ್ನು ನೋಡಿದ. ಈಗ ಸುಳ್ಳು ಬಯಲಾಯಿತು, ಎಂದು ಅವನು ತಲೆ ತಗ್ಗಿಸಿದ. ಈ ಸಲ ಭಕ್ತಿಯ ಹಾಗೆ ಕಾಣುವ ಭರವಸೆಯೂ ಇರಲಿಲ್ಲ. ತಲೆಯ ಮೇಲೆ ಡ್ರೈವರನ ದನಿ ನಿಧಾನವಾಗಿ ಬಂತು: "ಬೆವರು ಚೆನ್ನಾಗಿ ಬಿಟ್ಟಿದೆ. ಒಳ್ಳೇ ಲಕ್ಷಣ ಸಾರ್. ಇನ್ನು ಭಯವಿಲ್ಲ." ಚೀಲವನ್ನು ಮಂಚದ ಬಳಿ ಇಟ್ಟು, ಅತ್ತಿಗೆ ಕೊಟ್ಟ ನೀರು ಕುಡಿದು, ಹೊರಗೆ ಹೋದ. ಗೇಟಿನ ಬಳಿ ನಿಂತು ಹಿಂದಿರುಗಿ, ಮೀಸೆಯ ಕೆಳಗೆ ಏನೊಂದೂ ಅಲುಗದಂತೆ, "ಆ ಏಣಿ ಒಳಗಿಟ್ಬಿಡಿ ಸಾರ್. ರೋಗಿ ಇರೋ ಮನೆ, ನೋಡೋಕೆ ಜನ ಬರ್ತಿರ್ತಾರೆ" ಎಂದ. ಹೇಳಿ, ಸೈಕಲ್ಲಿನ ಸೀಟಿನ ಮೇಲೆ ಅಂಟಿದ್ದ ಹುಲ್ಲುಕಡ್ಡಿಯನ್ನು ತಟ್ಟಿ ಬೀಳಿಸಿ, ಹೊರಟುಹೋದ.

ಲಾರಿಯ ಸದ್ದು ದೂರವಾದ ಮೇಲೆ ಅತ್ತಿಗೆ ಸೊಂಟದ ಮೇಲೆ ಕೈಯಿಟ್ಟಳು. "ಈಗ ಯಾರಾದ್ರೂ ಹೇಳ್ತೀರಾ? ನಾನು ಆರೈಕೆ ಮಾಡ್ಬೇಕೋ, ಬೈಬೇಕೋ?" ಅಡುಗೆಮನೆಯ ಕಡೆ ತಿರುಗಿ, "ಎರಡನ್ನೂ ಮಾಡ್ತೀನಿ, ಮೊದಲು ಹಾಲು ನೋಡ್ತೀನಿ, ಉಕ್ಕತ್ತೆ" ಎಂದು ಒಳಗೆ ಹೋದಳು.

ಅಣ್ಣ ಕಂಬಳಿಯಿಂದ ಹೊರಗೆ ಬರಲಿಲ್ಲ. ಸೂರು ನೋಡುತ್ತ ಕೇಳಿದ: "ಯಾವತ್ತಿಂದ ಹುಷಾರಿಲ್ಲ ನನಗೆ?"

"ಮೊನ್ನೆಯಿಂದ."

"ಏನಾಗಿದೆ?"

"ಎದೆ." ಅವನು ಮಂಚದ ಪಕ್ಕದ ನೆಲದ ಮೇಲೆ ಕೂತಿದ್ದ. "ಆಪರೇಷನ್ ಅಂತಾನೂ ಸುದ್ದಿ ಇದೆ. ಅದು ನಾನು ಹೇಳಿದ್ದಲ್ಲ."

"ಥತ್, ಮೊದಲೇ ಹೇಳ್ಬಾರ್ದಾ? ಎದೆ ಹಿಡ್ಕೋತಿದ್ದೆ. ಕೆಮ್ಮಿ ಕೆಮ್ಮಿ ಗಂಟಲು ಹರೀತು." ಆಮೇಲೆ, "ಎಲ್ಲಿಗೆ ಹೊರಟಿದ್ದೆ?" ಎಂದ. ತನ್ನ ಮನೆಗೆ ಹೊರಟವನಲ್ಲ ಎಂಬುದು ಅಣ್ಣನಿಗೆ ಹೇಗೋ ಗೊತ್ತಿತ್ತು.

"ದೀಪಸ್ತಂಭಕ್ಕೆ."

"ಅಲ್ಲೇನು ಕೆಲಸ?"

"ಸುಮ್ನೆ."

ಈಗ ನಗುತ್ತಾನೆ ಎಂದು ಅವನು ಕಾದ. ಅಣ್ಣ ನಗಲಿಲ್ಲ. "ಹೂಂ" ಎಂದ. "ಇಲ್ಲಿಂದಾಚೆ ಇಳಿಜಾರು. ನಾಳೆ ಬಿಸಿಲೇರೋದ್ರೊಳಗೆ ಹೊರಡು." ಜೊತೆಗೆ ಬರುತ್ತೇನೆ ಎನ್ನಲಿಲ್ಲ, ಯಾರಿಗಾದರೂ ಹೇಳಿ ಕಳಿಸುತ್ತೇನೆ ಎನ್ನಲಿಲ್ಲ. ಅನ್ನಬೇಕೆನಿಸಿತ್ತು ಎಂಬುದು ಕಂಬಳಿಯೊಳಗೆ ಕಾಲು ಮಿಸುಕಾಡಿದ್ದರಿಂದ ತಿಳಿಯಿತು.

ಅವನು ಚೀಲದಿಂದ ಒಂದು ಕಿತ್ತಳೆ ತೆಗೆದ. ಜೇಬಿನ ಶಾಖ ಇನ್ನೂ ಉಳಿದಿದೆಯೋ ಎನ್ನುವಂತಿದ್ದ, ಮುದುಕ ಕೊಟ್ಟ ಹಣ್ಣು. ಸುಲಿಯಲು ನೋಡಿದ. ಲಾರಿಯ ಮೇಲೆ ಹ್ಯಾಂಡಲ್ ಬಿಗಿಹಿಡಿದ ಬೆರಳುಗಳು ಮರಗಟ್ಟಿದ್ದವು. ಹೆಬ್ಬೆರಳಿನ ಉಗುರು ಸಿಪ್ಪೆಯ ಮೇಲೆ ಜಾರಿತು. ಕೂದಲೆಳೆಯಷ್ಟು ತೆಳ್ಳಗೆ ಗಾಜಿನಂಚು ಅರೆಯುವ ಕೈಗೆ ಒಂದು ಕಿತ್ತಳೆ ಮಣಿಯಲಿಲ್ಲ. ಮತ್ತೆ ಒತ್ತಿದ, ಮತ್ತೆ ಜಾರಿತು. ಕಂಬಳಿಯ ಅಂಚಿನಿಂದ ಅಣ್ಣನ ಕೈ ಹೊರಗೆ ಬಂತು, ಹಣ್ಣಿನ ಕಡೆಗೆ ಚಾಚಿತು. ಅರ್ಧದಲ್ಲಿ, ಗಾಳಿಯಲ್ಲಿ, ನಿಂತಿತು. ಅವನು ತಲೆಯೆತ್ತಲಿಲ್ಲ; ನೆಲದ ಮೇಲೆ ಬಿದ್ದ ಆ ತೋಳಿನ ನೆರಳನ್ನು ನೋಡಿದ. ನೆರಳು ನಿಧಾನವಾಗಿ ಹಿಂದೆ ಸರಿದು, ಕಂಬಳಿಯೊಳಗೆ ಹೋಯಿತು.

ಉಗುರು ಇಳಿಯಿತು. ರಸ 'ಚಿಳ್' ಎಂದು ಅವನ ಕಣ್ಣಿಗೇ ಹಾರಿತು. ಒಂದು ಕಣ್ಣು ಮುಚ್ಚಿಕೊಂಡು, ಚೂರು ಚೂರಾಗಿ ಸಿಪ್ಪೆ ಕಿತ್ತು, ಅಂಗಿಗೆಲ್ಲ ಕಲೆ ಮಾಡಿಕೊಂಡು, ಅರ್ಧ ನಜ್ಜುಗುಜ್ಜಾದ ಒಂದು ತೊಳೆಯನ್ನು ಬಿಡಿಸಿ ಅಣ್ಣನ ಬಾಯಿಗೆ ಹಿಡಿದ.

ಅಣ್ಣ ಅಗಿದು ಮುಖ ಕಿವುಚಿದ. "ಹುಳಿ ಕಣೋ."

"ತಿನ್ನು," ಎಂದ ಅವನು. "ರೋಗಿಗೆ ಒಳ್ಳೇದು."